ಶಿವರಾತ್ರಿ ಕಳೆದ ಮೇಲೂ ಕೈತೋಟ ನಡೆಸುವುದು ಹೇಗೆ? ಬಿಸಿಲಿಗೂ ಮಳೆಗೂ ಉಪಾಯ ಬೇಕು

ತಾರಸಿತೋಟ_ಜೆಪಿನಗರ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿ ಮೇಲಿನ ತಾರಸಿ. ದಸರಾ ಮುಗಿದ ಮೇಲೆ ಬಿತ್ತಿದರೆ ಸಂಕ್ರಾಂತಿ ಹೊತ್ತಿಗೆ ಮನೆಗೆ ಸಾಕಾಗಿ ಪಕ್ಕದ ಮನೆಗೂ ಕೊಡುವಷ್ಟು ಬರುತ್ತದೆ. ಟೊಮೆಟೊ, ನವಿಲುಕೋಸು, ಮೂಲಂಗಿ, ಮೆಂತ್ಯ, ಕೊತ್ತಂಬರಿ, ಯಾವುದನ್ನೂ ಅಂಗಡಿಯಿಂದ ತರುವುದಿಲ್ಲ.

ಶಿವರಾತ್ರಿ ಕಳೆಯಿತು ಅಂದರೆ ಎಲ್ಲಾ ಬದಲಾಗುತ್ತದೆ. ಕೊತ್ತಂಬರಿ ಗೇಣುದ್ದ ಬೆಳೆಯುವ ಮೊದಲೇ ಹೂ ಬಿಡುತ್ತದೆ. ಟೊಮೆಟೊ ಗಿಡ ನೋಡಲು ಚೆನ್ನಾಗಿಯೇ ಇರುತ್ತದೆ. ಹೂವೂ ಬರುತ್ತದೆ. ಆದರೆ ಹೂವಿನ ತೊಟ್ಟು ಗಂಟಿನ ಹತ್ತಿರ ಹಳದಿಯಾಗಿ, ಬೆರಳು ತಾಗಿಸಿದರೆ ಸಾಕು, ಉದುರಿಬಿಡುತ್ತದೆ. ಏಪ್ರಿಲ್, ಮೇ ಹೀಗೆ ಹೋಗುತ್ತದೆ. ಜೂನ್‌ನಲ್ಲಿ ಹೊಸದಾಗಿ ನೆಟ್ಟರೆ ಆಗಸ್ಟ್, ಸೆಪ್ಟೆಂಬರ್ ಮಳೆಗೆ ಎಲೆಗಳಲ್ಲಿ ಕಂದು ಮಚ್ಚೆ ಬಂದು ಕೊಳೆಯುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನೆನಪಿರಬೇಕಲ್ವಾ? ಮನೆಯಲ್ಲಿ ಬೇಕೇ ಬೇಕು ಅನ್ನಿಸುವ ಹೊತ್ತಿಗೇ ನಮ್ಮ ತಾರಸಿಯಲ್ಲಿ ಏನೂ ಇರುವುದಿಲ್ಲ.

ಈ ನಾಲ್ಕೈದು ತಿಂಗಳ ಫಸಲನ್ನು ಏಳೆಂಟು ತಿಂಗಳಿಗಾದರೂ ಎಳೆಯಬೇಕು ಅಂತ ಆಸೆ. ಯೂಟ್ಯೂಬ್ ನೋಡಿದರೆ ಹೆಚ್ಚಿನವರು ಹಿಮ ಬೀಳುವ ಊರಿನವರು. ಅವರು ಗಿಡಕ್ಕೆ ಬಿಸಿ ಮಾಡುವುದು ಹೇಗೆ ಅಂತ ಹೇಳುತ್ತಾರೆ. ನಮಗೆ ಬೇಕಿರುವುದು ಅದರ ಉಲ್ಟಾ. ಇಲ್ಲಿ ಅನುಭವ ಇರುವವರು ದಯವಿಟ್ಟು ಹೇಳಿ.

ಮೈಸೂರು_ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಮ್ಮಾ. ನಾನು ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಕಾರಣ ಮೊದಲು ಹೇಳುತ್ತೇನೆ, ಉಪಾಯ ಅದರಿಂದಲೇ ಹೊರಡುತ್ತದೆ.

ಟೊಮೆಟೊ ಗಿಡಕ್ಕೆ ಹಗಲಿನ ಬಿಸಿಲಿನಷ್ಟೇ ರಾತ್ರಿಯ ಸೆಕೆಯೂ ತೊಂದರೆ. ಹಗಲು 35 ಡಿಗ್ರಿ ಹತ್ತಿರ ಹೋದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ. ರಾತ್ರಿ 22, 23 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೂ ಕಾಯಿ ಕಚ್ಚುವುದು ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ರಾತ್ರಿ ಸ್ವಲ್ಪ ತಂಪಾಗಬೇಕು. ಆದರೆ ತಾರಸಿಯ ಕಾಂಕ್ರೀಟು ಹಗಲಿಡೀ ಹೀರಿದ ಶಾಖವನ್ನು ರಾತ್ರಿ ಬಿಡುತ್ತಾ ಇರುತ್ತದೆ. ಹಾಗಾಗಿ ಅದೇ ಬೀದಿಯ ಹಿತ್ತಲಲ್ಲಿ ಕಾಯಿ ಕಚ್ಚಿದರೂ ತಾರಸಿಯಲ್ಲಿ ಕಚ್ಚದೇ ಇರಬಹುದು.

ಕೊತ್ತಂಬರಿ, ಮೆಂತ್ಯ, ಮೂಲಂಗಿಯ ಕಥೆ ಬೇರೆ. ಅವು ತಂಪು ಕಾಲದ ಬೆಳೆ. ಸೆಕೆಯಾದರೆ ಬೇಗ ಬೀಜ ಕಟ್ಟಿ ಮುಗಿಸಲು ನೋಡುತ್ತವೆ. ನೆರಳು ಕೊಟ್ಟರೆ ಒಂದೆರಡು ವಾರ ತಡೆಯಬಹುದು, ಪೂರ್ತಿ ನಿಲ್ಲಿಸಲಾಗುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಕೊತ್ತಂಬರಿಯನ್ನು ಬೆಳೆದು ದೊಡ್ಡದು ಮಾಡುವ ಯೋಚನೆಯೇ ಬೇಡ. ಒತ್ತಾಗಿ ಬಿತ್ತಿ, ನಾಲ್ಕು ಬೆರಳು ಎತ್ತರಕ್ಕೆ ಬಂದಾಗಲೇ ಬೇರುಸಮೇತ ಕಿತ್ತು ಅಡುಗೆಗೆ ಬಳಸಿ. ಹದಿನೈದು ದಿನಕ್ಕೊಮ್ಮೆ ಇನ್ನೊಂದು ಕುಂಡಕ್ಕೆ ಬಿತ್ತಿ. ಧನಿಯಾವನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಸಂಜೆ ಹೊತ್ತು ಬಿತ್ತಬೇಕು. ಮೊಳಕೆ ಬರುವವರೆಗೆ ಒದ್ದೆ ಗೋಣಿಚೀಲ ಮುಚ್ಚಿಡಿ.

ಕನಕಪುರರಸ್ತೆ_ಸೊಪ್ಪು

ಮೇಷ್ಟ್ರು ಹೇಳಿದ್ದು ಸರಿ. ಈಗ ಶೇಡ್ ನೆಟ್ ವಿಷಯ. ಇದರಲ್ಲಿ ಅಂಗಡಿಯವರು 75 ಪರ್ಸೆಂಟ್ ನೆರಳು ಕೊಡುವುದನ್ನು ಕೊಟ್ಟು ಕಳಿಸುತ್ತಾರೆ, ಅದು ಕಾರ್ ನಿಲ್ಲಿಸುವ ಜಾಗಕ್ಕೆ ಸರಿ, ಗಿಡಕ್ಕಲ್ಲ. ಸೊಪ್ಪಿಗೆ 50 ಸಾಕು. ಟೊಮೆಟೊ, ಮೆಣಸಿನಕಾಯಿ, ಬದನೆಗೆ 35 ತಗೊಳ್ಳಿ. ಅದಕ್ಕಿಂತ ಜಾಸ್ತಿ ನೆರಳಾದರೆ ಗಿಡ ಉದ್ದುದ್ದ ಎಳೆದುಕೊಂಡು ಹೋಗುತ್ತದೆ, ಕಾಯಿ ಬರುವುದಿಲ್ಲ.

ನೆಟ್ಟನ್ನು ಗಿಡದ ತಲೆ ಮೇಲೆ ಹೊದಿಸಬೇಡಿ. ಗಾಳಿ ಆಡದೆ ಒಳಗೆ ಇನ್ನೂ ಸೆಕೆ ಆಗುತ್ತದೆ. ಆಳೆತ್ತರಕ್ಕಿಂತ ಒಂದಡಿ ಮೇಲೆ ಕಟ್ಟಿ. ಮುಖ್ಯವಾದದ್ದು ಪಶ್ಚಿಮದ ಕಡೆ. ಮಧ್ಯಾಹ್ನ 2ರಿಂದ 5ರವರೆಗಿನ ಬಿಸಿಲೇ ಗಿಡವನ್ನು ಕೊಲ್ಲುವುದು. ಮೇಲೆ ಕಟ್ಟಲು ಆಗದಿದ್ದರೂ ಪರವಾಗಿಲ್ಲ, ಪಶ್ಚಿಮಕ್ಕೆ ಪರದೆ ಥರ ಇಳಿಬಿಡಿ. ಬೆಳಗಿನ ಬಿಸಿಲು ಸಿಗಲಿ.

ಇನ್ನೊಂದು. ಮಧ್ಯಾಹ್ನ ಮೂರರ ಹೊತ್ತಿಗೆ ನಿಮ್ಮ ಕಪ್ಪು ಗ್ರೋ ಬ್ಯಾಗಿನ ಪಶ್ಚಿಮದ ಬದಿಗೆ ಅಂಗೈ ಇಟ್ಟು ನೋಡಿ. ಕೈ ಇಡಲು ಆಗುವುದಿಲ್ಲ. ಆ ಬದಿಯ ಬೇರು ಅಷ್ಟೂ ಬೆಂದಿರುತ್ತದೆ. ಚೀಲಕ್ಕೆ ಗೋಣಿ ಸುತ್ತಿ, ಕೆಳಗೆ ಎರಡು ಇಟ್ಟಿಗೆ ಇಟ್ಟು ನೆಲದಿಂದ ಮೇಲೆತ್ತಿ. ಚೀಲಗಳನ್ನು ದೂರ ದೂರ ಇಡದೆ ಒಂದಕ್ಕೊಂದು ತಾಗಿಸಿ ಗುಂಪು ಮಾಡಿ. ಮಣ್ಣಿನ ಮೇಲೆ ಮೂರು ಬೆರಳು ದಪ್ಪ ತರಗೆಲೆ ಹಾಕಿ. ಬರೀ ಇಷ್ಟಕ್ಕೇ ಗಿಡ ಮಧ್ಯಾಹ್ನ ಬಾಡುವುದು ನಿಲ್ಲುತ್ತದೆ. ನೆಟ್ ಆಮೇಲೆ ನೋಡಬಹುದು.

ತಾರಸಿತೋಟ_ಜೆಪಿನಗರ

ಬಹಳ ಉಪಯೋಗ ಆಯ್ತು ಅಣ್ಣಾ. ನೆಟ್ ವರ್ಷಪೂರ್ತಿ ಬಿಡಬಹುದಾ? ಮತ್ತೆ ಮತ್ತೆ ಬಿಚ್ಚಿ ಕಟ್ಟುವುದು ಕಷ್ಟ.

ಕನಕಪುರರಸ್ತೆ_ಸೊಪ್ಪು

ಬೇಡ ಅಕ್ಕಾ. ಜೂನ್ ಮೊದಲ ವಾರ ಬಿಚ್ಚಲೇಬೇಕು. ಮೋಡದ ದಿನಗಳಲ್ಲಿ ಬೆಳಕೇ ಕಡಿಮೆ, ಅದರ ಮೇಲೆ ನೆಟ್ ಇದ್ದರೆ ಗಿಡ ಸಪ್ಪೆಯಾಗುತ್ತದೆ. ಒಂದು ಅಂಚಿಗೆ ಪೈಪ್ ಕಟ್ಟಿ ಸುರುಳಿ ಸುತ್ತುವ ಹಾಗೆ ಮಾಡಿಕೊಂಡರೆ ಸುಲಭ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಬರುವ ಗಾಳಿ ಜೋರು. ಆಗಲೂ ಒಂದೇ ಸಲಕ್ಕೆ ಸುತ್ತಿಡಬಹುದು.

ವೈಟ್‌ಫೀಲ್ಡ್_ಬಾಲ್ಕನಿ

ಒಂದು ಮಾತು ಹೇಳಲೇಬೇಕು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಬೇಸಿಗೆಯಲ್ಲಿ ತಾರಸಿ ತೋಟ ಎಳೆಯುವುದು ಅಂದರೆ ನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ನಮ್ಮ ಅಪಾರ್ಟ್‌ಮೆಂಟಿಗೆ ಆಗ ದಿನಾ ಟ್ಯಾಂಕರ್ ಬರುತ್ತಿತ್ತು. ಅಂಥ ಹೊತ್ತಲ್ಲಿ ಟೊಮೆಟೊಗೆ ಬಕೆಟ್ ಬಕೆಟ್ ನೀರು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ತೋಟಕ್ಕೆ ರಜೆ ಕೊಟ್ಟರೆ ಏನಾಗುತ್ತದೆ?

ಧಾರವಾಡ_ಕೈತೋಟ

ನಿಮ್ಮ ಮಾತು ಖರೇ ಅದ. ಆದರೆ ಅಡುಗೆಮನೆಯಿಂದ ದಿನಾ ಹೋಗುವ ನೀರು ಎಷ್ಟು ಅಂತ ಒಮ್ಮೆ ನೋಡಿರಿ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಒಂದು ಬಕೆಟಿಗೆ ಹಿಡಿದರೆ ನಾಲ್ಕೈದು ಕುಂಡಕ್ಕೆ ಸಾಕು. ಆರ್‌ಓ ಮಷೀನಿನ ಹೊರಹೋಗುವ ನೀರು ಮಾತ್ರ ಬರೀ ಅದನ್ನೇ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಜಾಸ್ತಿ, ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ.

ನಮ್ಮ ಹಿತ್ತಲದಾಗ ಗಡಿಗೆ ಹುಗಿಯುವ ಪದ್ಧತಿ ಇದೆ. ಕುಂಬಾರರ ಹತ್ತಿರ ಸುಟ್ಟ ಮಣ್ಣಿನ ಸಣ್ಣ ಗಡಿಗೆ ಸಿಗುತ್ತದೆ. ಬಣ್ಣ ಹಚ್ಚಿದ್ದು, ಮೆರುಗು ಕೊಟ್ಟಿದ್ದು ನಡೆಯುವುದಿಲ್ಲ. ಅದನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹುಗಿದು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡಬೇಕು. ಗಡಿಗೆಯ ಮೈಯಿಂದ ನೀರು ಸಾವಕಾಶ ಜಿನುಗುತ್ತದೆ. ಮಣ್ಣು ಒಣಗಿದಷ್ಟು ಜಾಸ್ತಿ ಜಿನುಗುತ್ತದೆ, ಹಸಿ ಇದ್ದರೆ ನಿಲ್ಲುತ್ತದೆ. ಬೇರು ಗಡಿಗೆಯನ್ನು ಸುತ್ತಿಕೊಳ್ಳುತ್ತದೆ. ಮೇಲಿನ ಮಣ್ಣು ಒಣಗಿಯೇ ಇರುವುದರಿಂದ ಬಿಸಿಲಿಗೆ ಆರಿ ಹೋಗುವ ನೀರು ಕಡಿಮೆ, ಕಳೆಯೂ ಕಡಿಮೆ. ಬದನೆ, ಮೆಣಸಿನಕಾಯಿಗೆ ಬಹಳ ಚಲೋ. ಸೊಪ್ಪಿನ ಮಡಿಗೆ ಅಷ್ಟು ಹೊಂದುವುದಿಲ್ಲ, ಅದರ ಬೇರು ಮೇಲೇ ಇರುತ್ತದಲ್ಲ.

ಕಲಬುರಗಿ_ಬಿಸಿಲು

ನಮ್ಮ ಕಡೆ ಮೇ ತಿಂಗಳಾಗ 42 ಡಿಗ್ರಿ ಸಾಮಾನ್ಯ. ನೆಟ್ ಕಟ್ಟಿದರೂ ಟೊಮೆಟೊ ಕಚ್ಚುವುದಿಲ್ಲ, ಅದರ ಹಿಂದೆ ಬೀಳುವುದರಲ್ಲಿ ಅರ್ಥವಿಲ್ಲ. ಕಾಲ ಎಳೆಯಬೇಕು ಅಂದರೆ ಒಂದೇ ಬೆಳೆಯನ್ನು ಎಳೆಯಬೇಕಾ? ಬಿಸಿಲಿಗೇ ಹುಟ್ಟಿದ ಬೆಳೆಗಳು ಅದಾವ. ಪುಂಡಿಪಲ್ಯ, ರಾಜಗಿರಿ, ಚವಳಿಕಾಯಿ (ನಿಮ್ಮ ಗೋರಿಕಾಯಿ), ಬೆಂಡಿಕಾಯಿ. ನಿಮ್ಮ ಕಡೆಯ ದಂಟು, ಬಸಳೆ, ಹೊನಗೊನೆಯೂ ಅದೇ ಜಾತಿ. ನುಗ್ಗೆ ಒಂದಿದ್ದರೆ ಬೇಸಿಗೆಯ ಸೊಪ್ಪಿಗೆ ಚಿಂತೆಯೇ ಇಲ್ಲ, ದೊಡ್ಡ ಡ್ರಮ್ಮಿನಲ್ಲೂ ಬೆಳೆಯುತ್ತದೆ, ಮೇಲೆ ಕತ್ತರಿಸುತ್ತಾ ಇದ್ದರಾಯ್ತು. ಪಾಲಕ್ ಬದಲು ಪುಂಡಿಪಲ್ಯ, ರೊಟ್ಟಿ ಜೊತೆ ಯಾರಾದರೂ ಬೇಡ ಅಂದಾರಾ?

ಮತ್ತೆ ಒಂದು ಕಡೆ ಬೆಳೆ ಇರಲಿ, ಇನ್ನೊಂದು ಕಡೆ ಮಣ್ಣಿಗೆ ಬಿಸಿಲು ಕಾಣಿಸಿರಿ. ಚಳಿಗಾಲದ ಬೆಳೆ ತೆಗೆದ ಮಡಿಗೆ ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚಿಗೆಲ್ಲಾ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆ ಬೇಡ. ಒಳಗಿನ ಕಾವಿಗೆ ಕಳೆಬೀಜ, ಬೇರುಗಂಟು ಹುಳು, ಕೊಳೆರೋಗದ ಬೀಜ ಎಲ್ಲಾ ಕಡಿಮೆಯಾಗುತ್ತವೆ. ಈ ಬಿಸಿಲು ನಮಗೆ ಪುಕ್ಕಟೆ ಸಿಗುವ ಔಷಧ.

ಮೈಸೂರು_ಮೇಷ್ಟ್ರು

ಕಲಬುರಗಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ವರ್ಷಪೂರ್ತಿ ಟೊಮೆಟೊ ಬೇಕು ಅನ್ನುವವರು ಒಂದು ಕೆಲಸ ಮಾಡಿ. ಹಳೇ ಗಿಡ ಕೀಳುವಾಗ ಬೇರನ್ನು ನೀರಲ್ಲಿ ತೊಳೆದು ನೋಡಿ. ಬೇರಿನಲ್ಲಿ ಸಾಸಿವೆಯಿಂದ ಕಡಲೆ ಗಾತ್ರದವರೆಗಿನ ಗಂಟು ಕಂಡರೆ ಬೇರುಗಂಟು ಹುಳು ಬಂದಿದೆ ಅಂತಲೇ. ಟೊಮೆಟೊ, ಬದನೆ, ಬೆಂಡೆ ಮೂರೂ ಅದಕ್ಕೆ ಇಷ್ಟ. ಅದೇ ಮಣ್ಣಿಗೆ ಮತ್ತೆ ಮತ್ತೆ ಅವನ್ನೇ ಹಾಕಿದರೆ ಹುಳು ಹೆಚ್ಚುತ್ತಾ ಹೋಗುತ್ತದೆ. ಆ ಕುಂಡಕ್ಕೆ ಒಂದು ಸಲ ಚೆಂಡುಹೂ ಹಾಕಿ, ಹೂ ಮುಗಿದ ಮೇಲೆ ಗಿಡವನ್ನು ಕತ್ತರಿಸಿ ಅದೇ ಮಣ್ಣಿಗೆ ಸೇರಿಸಿ. ಚಳಿಗಾಲ ಬಾರದ ನಮ್ಮ ಊರುಗಳಲ್ಲಿ ಹುಳುವಿಗೂ ರಜೆ ಇಲ್ಲ, ಅದನ್ನು ಮರೆಯಬಾರದು.

ಇನ್ನು ಬಿಳಿನೊಣ. ಫೆಬ್ರವರಿಯಿಂದ ಮೇವರೆಗೆ ಒಣ ಸೆಕೆಯಲ್ಲಿ ಅದರ ಹಾವಳಿ. ಎಲೆ ಮುರುಟು ರೋಗವನ್ನು ಅದೇ ಹರಡುವುದು. ಸಸಿ ಹಂತದಲ್ಲಿ ಸಣ್ಣ ಕಣ್ಣಿನ, 40 ಮೆಷ್ಷಿನ ನೈಲಾನ್ ಬಲೆಯೊಳಗೆ ಬೆಳೆಸಿದರೆ ಅರ್ಧ ಗೆದ್ದಂತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಎಲೆ ಮುರುಟು, ದುಂಡಾಣು ಸೊರಗು, ಎಲೆ ಮಚ್ಚೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಶಕ್ತಿ ಇದೆ. ಅದು ಹೈಬ್ರಿಡ್, ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ವೈಟ್‌ಫೀಲ್ಡ್_ಬಾಲ್ಕನಿ

ಗಡಿಗೆ ಉಪಾಯ ಮತ್ತು ಪುಂಡಿಪಲ್ಯ ಎರಡೂ ಒಪ್ಪಿದೆ. ನೀರಿನ ವಿಷಯ ಮಾತ್ರ ಎಲ್ಲರೂ ತಲೆಯಲ್ಲಿಟ್ಟುಕೊಳ್ಳಿ, ಅಷ್ಟೇ ನನ್ನ ಕೋರಿಕೆ.

ಪುತ್ತೂರು_ನಟ್ಟಿಕಾಯಿ

ಬೆಂಗಳೂರಿನವರು ಮಳೆಗೆ ಹೆದರುವುದು ನೋಡಿ ಬರೆಯೋಣ ಅನ್ನಿಸಿತು. ನಿಮ್ಮಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಹತ್ತಿರ ಬಂದರೆ ನಮ್ಮ ದಕ್ಷಿಣ ಕನ್ನಡದಲ್ಲಿ 4,000 ಹತ್ತಿರ. ಆದರೂ ನಮ್ಮ ಹಿರಿಯರು ಮಳೆಗಾಲದಲ್ಲಿ ತರಕಾರಿ ಬೆಳೆಯುವುದನ್ನು ಬಿಟ್ಟವರಲ್ಲ.

ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಯ ವಾರ, ಬೀಜ ಮಣ್ಣಿಗೆ ಬೀಳಬೇಕು. ಮಳೆ ಗಟ್ಟಿಯಾಗಿ ಹಿಡಿಯುವ ಮೊದಲು ಸಸಿಗೆ ನಾಲ್ಕೈದು ಎಲೆ ಬಂದು ಬೇರು ಇಳಿದಿರಬೇಕು. ಆಮೇಲೆ ಎಷ್ಟು ಮಳೆ ಬಂದರೂ ತಡೆಯುತ್ತದೆ. ಜೂನ್ ಮಧ್ಯದಲ್ಲಿ ಬಿತ್ತಿದರೆ ಬೀಜವೇ ಕೊಳೆಯುತ್ತದೆ. ಬೇಸಿಗೆಯ ತರಕಾರಿಗೆ ಗುಂಡಿ, ಮಳೆಗಾಲದ್ದಕ್ಕೆ ದಿಬ್ಬ. ಒಂದು ಮೊಳ ಎತ್ತರದ ದಿಬ್ಬ ಮಾಡಿ, ಸುಡುಮಣ್ಣು ಸೇರಿಸಿ, ಅದರ ನೆತ್ತಿಗೆ ಬೀಜ ಹಾಕಬೇಕು. ಸುಡುಮಣ್ಣನ್ನು ಏಪ್ರಿಲ್‌ನಲ್ಲೇ ಮಾಡಿ ಮಳೆ ತಾಗದ ಕಡೆ ಇಟ್ಟಿರಬೇಕು. ತರಗೆಲೆ, ಕಸಕಡ್ಡಿ ಒಟ್ಟಿ ಮೇಲೆ ಮಣ್ಣು ಹೊದಿಸಿ ನಿಧಾನಕ್ಕೆ ಬೇಯಿಸಿದ ಮಣ್ಣು ಅದು, ಹಗುರ ಇರುತ್ತದೆ, ನೀರು ನಿಲ್ಲುವುದಿಲ್ಲ. ಕುಂಡದಲ್ಲಿ ಬೆಳೆಯುವವರು ಕುಂಡದ ಬಾಯಿ ಮಟ್ಟದಿಂದ ಮೇಲಕ್ಕೆ ಮಣ್ಣು ಗುಪ್ಪೆ ಮಾಡಿ, ತೂತು ಕಟ್ಟಿದೆಯೇ ಅಂತ ನೋಡಿಕೊಳ್ಳಿ.

ಬೆಳೆಯೂ ಮಳೆಗೆ ಒಗ್ಗಿದ್ದೇ ಆಗಬೇಕು. ಹಾಲುಬೆಂಡೆ, ಮುಳ್ಳುಸೌತೆ, ಹೀರೆ, ಪಡುವಲ, ಹಾಗಲ, ಹರಿವೆ. ಹಾಲುಬೆಂಡೆಯ ಕಾಯಿ ಬಿಳಿಚಾಗಿ, ಉದ್ದಕ್ಕೆ, ತುಂಬ ಏಣುಗಳೊಂದಿಗೆ ಇರುತ್ತದೆ. ಪೇಟೆಯ ಬೆಂಡೆಯಷ್ಟೇ ಬೇಗ ಬಲಿಯುವುದಿಲ್ಲ, ಗೇಣುದ್ದ ಆದರೂ ಎಳತು. ಬಳ್ಳಿಗಳಿಗೆ ಚಪ್ಪರ ಮೊದಲೇ ಆಗಿರಬೇಕು. ನೆಲದಲ್ಲಿ ಹರಿದರೆ ಕಾಯಿ ಕೊಳೆಯುತ್ತದೆ.

ಇನ್ನು ಪರಾಗಸ್ಪರ್ಶ. ಜಡಿಮಳೆ ದಿನ ಜೇನು ಹೊರಡುವುದಿಲ್ಲ. ಬಳ್ಳಿ ತುಂಬ ಮಿಡಿ ಬಂದು ಹಳದಿಯಾಗಿ ಉದುರುವುದು ಇದಕ್ಕೇ, ಗೊಬ್ಬರ ಕಡಿಮೆಯಾಗಿ ಅಲ್ಲ. ಕೈಯಿಂದ ಮಾಡಬೇಕು. ಹೀರೆ ಮತ್ತು ಸೋರೆ ಹೂ ಅರಳುವುದು ಸಂಜೆ. ಸೌತೆ, ಕುಂಬಳದ್ದು ಬೆಳಿಗ್ಗೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತದೆ, ಗಂಡಿನ ಕೆಳಗೆ ಬರೀ ತೊಟ್ಟು. ಆಗ ತಾನೇ ಬಿರಿದ ಗಂಡು ಹೂ ಕಿತ್ತು, ಎಸಳು ಸುಲಿದು, ಮಧ್ಯದ ಹಳದಿ ಹುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ತಾಗಿಸಿ. ಮಳೆ ಬರುವ ಹಾಗಿದ್ದರೆ ಮೇಲೆ ಒಂದು ಎಲೆ ಬಾಗಿಸಿ ಪಿನ್ ಹಾಕಿ, ಮರುದಿನ ತೆಗೆಯಿರಿ.

ಶಿರಸಿ_ಅಟ್ಟ

ಪುತ್ತೂರಿನವರು ಮಳೆಯಲ್ಲೇ ಬೆಳೆಯುವುದನ್ನು ಹೇಳಿದರು. ಟೊಮೆಟೊ, ಕ್ಯಾಪ್ಸಿಕಂ, ಕೊತ್ತಂಬರಿ ಹಾಗೆ ಬರುವುದಿಲ್ಲ, ಅವಕ್ಕೆ ಮಾಡು ಬೇಕು. ನಮ್ಮಲ್ಲಿ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ಇರುತ್ತದಲ್ಲ, ಅದು ಕೊಯ್ಲಿನ ಕಾಲಕ್ಕೆ ಮಾತ್ರ ಕೆಲಸಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ. ಹೊದಿಕೆ ತೆಗೆಯದೆ, ಅಕ್ಕಪಕ್ಕದ ಪರದೆ ಮಾತ್ರ ಎತ್ತಿ ಕಟ್ಟಿ ಒಳಗೆ ಚೀಲ ಜೋಡಿಸಿದರೆ ಸಿದ್ಧ ತೋಟ. ಊರಲ್ಲಿ ಅಡಿಕೆ ಮನೆಯವರಿಗೆಲ್ಲಾ ಇದನ್ನು ಹೇಳುತ್ತಾ ಇದ್ದೇನೆ. ಆ ಜಾಗ ಸುಮ್ನೆ ಬಿಡುವುದು ಅಂದರೆ ಹೊಟ್ಟೆ ಉರಿಯುತ್ತದೆ.

ಹೊಸದಾಗಿ ಮಾಡುವವರಿಗೆ: 200 ಮೈಕ್ರಾನಿನ ಯುವಿ ಹಾಳೆಯೇ ತಗೊಳ್ಳಿ. ಅದು ಮೂರು ವರ್ಷದ ಹತ್ತಿರ ಬಾಳುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಒಂದು ಬೇಸಿಗೆಗೇ ಪುಡಿಪುಡಿ. ಮಾಡಿನ ಇಳಿಜಾರು ಚೆನ್ನಾಗಿರಬೇಕು. ಇಳಿಜಾರು ಕಡಿಮೆಯಾದರೆ ಮಧ್ಯೆ ನೀರು ನಿಂತು ಹಾಳೆ ಜೋತು ಬೀಳುತ್ತದೆ. ನಾಲ್ಕೂ ಬದಿ ತೆರೆದಿರಲಿ. ಬದಿ ಮುಚ್ಚಿದರೆ ಒಳಗೆ ಹಬೆ ಕಟ್ಟಿ ಬೂಷ್ಟು ಬರುತ್ತದೆ, ಅದಕ್ಕಿಂತ ಮಳೆಯೇ ವಾಸಿ. ಬಿದಿರಿನ ಗೂಟವಾದರೆ ಹಾಳೆ ತಾಗುವ ಕಡೆ ಗೋಣಿ ಸುತ್ತಿ, ಇಲ್ಲದಿದ್ದರೆ ಗಾಳಿಗೆ ಉಜ್ಜಿ ಹರಿಯುತ್ತದೆ.

ಟೊಮೆಟೊ ಎಲೆಗಳು ಒಣಗಿ ಇದ್ದಷ್ಟೂ ಅಂಗಮಾರಿ ದೂರ. ನೆಲದಿಂದ ಒಂದಡಿವರೆಗಿನ ಎಲೆ ಚಿವುಟಿ, ಗಿಡಕ್ಕೆ ಕೋಲು ಕೊಟ್ಟು ನೆಟ್ಟಗೆ ನಿಲ್ಲಿಸಿ, ನೀರು ಬುಡಕ್ಕೆ ಮಾತ್ರ. ಗಾಳಿ, ಜೇನು ಕಡಿಮೆ ಇರುವುದರಿಂದ ಬೆಳಿಗ್ಗೆ ಹತ್ತರ ಹೊತ್ತಿಗೆ ಹೂಗೊಂಚಲನ್ನು ಬೆರಳಿನಿಂದ ತಟ್ಟಿ. ಅದೇ ಹೂವಿನ ಪರಾಗ ಅಲ್ಲೇ ಬಿದ್ದು ಕಾಯಿ ಕಚ್ಚುತ್ತದೆ.

ಸಸಿಗೆ ಬೇರೆ ಖರ್ಚು ಬೇಡ. ಮೇ ತಿಂಗಳಲ್ಲಿ ರೋಗವಿಲ್ಲದ ಹಳೇ ಟೊಮೆಟೊ ಗಿಡದ ಕಂಕುಳಲ್ಲಿ ಬರುವ ಚಿಗುರನ್ನು ಗೇಣುದ್ದಕ್ಕೆ ಕತ್ತರಿಸಿ ನೆರಳಲ್ಲಿ ನೀರಿನ ಲೋಟದಲ್ಲಿ ಇಡಿ. ವಾರ, ಹತ್ತು ದಿನದಲ್ಲಿ ಬೇರು ಬರುತ್ತದೆ. ಬೀಜದಿಂದ ಮಾಡುವುದಕ್ಕಿಂತ ಬೇಗ ಹೂ ಬಿಡುತ್ತದೆ. ಎಲೆ ಮುರುಟಿದ ಗಿಡದ ಚಿಗುರು ಮಾತ್ರ ಬೇಡವೇ ಬೇಡ, ರೋಗ ಜೊತೆಗೇ ಬರುತ್ತದೆ.

ಮತ್ತೆ ಬೆಳೆಯುವುದಷ್ಟೇ ಅಲ್ಲ, ಇಡುವುದೂ ಬೇಕು. ಬೇಸಿಗೆಯಲ್ಲಿ ಬೆಳೆದ ಬಣ್ಣದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಕೆಳಗೆ ತೂಗುಬಿಟ್ಟರೆ ಮಳೆಗಾಲದ ಹುಳಿಗೆ ಆಗುತ್ತದೆ. ಒಂದಕ್ಕೊಂದು ತಾಗಬಾರದು, ತೊಟ್ಟು ಮುರಿದಿರಬಾರದು. ಬೂದುಗುಂಬಳವೂ ಹಾಗೇ. ಅದಕ್ಕಾಗಿ ಜನವರಿಯಲ್ಲೇ ಎರಡು ಬಳ್ಳಿ ಜಾಸ್ತಿ ಹಾಕುವುದು ಜಾಣತನ.

ತಾರಸಿತೋಟ_ಜೆಪಿನಗರ

ಎಷ್ಟೊಂದು ವಿಷಯ! ಓದಿ ಮನೆಯವರಿಗೂ ತೋರಿಸಿದೆ. ಮೂರನೇ ಮಹಡಿ ಮೇಲೆ ಪ್ಲಾಸ್ಟಿಕ್ ಮಾಡು ಅಂದರೆ ಗಾಳಿಯದ್ದೇ ಭಯ. ಹಾರಿ ಯಾರ ಮೇಲಾದರೂ ಬಿದ್ದರೆ?

ಶಿರಸಿ_ಅಟ್ಟ

ಹೆದರುವುದು ಸರಿಯಾಗಿಯೇ ಇದೆ ತಂಗೀ. ಮೂರನೇ ಮಹಡಿಯಲ್ಲಿ ದೊಡ್ಡ ಮಾಡು ಬೇಡ. ಪ್ಯಾರಪೆಟ್ ಗೋಡೆಯ ಎತ್ತರ ಮೀರದ ಹಾಗೆ, ಮಂಚದಷ್ಟು ಅಗಲದ ಸಣ್ಣ ಕಮಾನು ಮಾಡಿ. ಅಡಿಗೆ ಭಾರ ಕಟ್ಟಿರಬೇಕು. ಅದರೊಳಗೆ ಕೊತ್ತಂಬರಿ, ಮೆಂತ್ಯ, ಸಸಿ ಮಡಿ. ಟೊಮೆಟೊ ಕುಂಡ ಮೆಟ್ಟಿಲ ಮನೆಯ ಸಜ್ಜದ ಕೆಳಗೆ ಸರಿಸಿ. ಜೋರು ಮಳೆ ನೇರ ಹೊಡೆಯದಿದ್ದರೆ ಸಾಕು.

ಎಡಿಸನ್_ಅವರೆಗಿಡ

ನ್ಯೂಜೆರ್ಸಿಯಿಂದ ನಮಸ್ಕಾರ. ನಮಗೆ ಕಷ್ಟ ಚಳಿಯದ್ದೇ. ಏಪ್ರಿಲ್ ಕೊನೆಯವರೆಗೂ, ಕೆಲವು ಸಲ ಮೇ ಮೊದಲ ವಾರಗಳಲ್ಲೂ ಹಿಮ ಕಚ್ಚುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಶುರು. ಹೀರೆ, ಪಡುವಲಕ್ಕೆ ಒಂದು ದಾರಿ ಸಿಕ್ಕಿದೆ. ಏಪ್ರಿಲ್‌ನಲ್ಲಿ ಮನೆಯೊಳಗೆ ಕಾಗದದ ಲೋಟದಲ್ಲಿ ಮೊಳಕೆ ಬರಿಸಿ, ಮೇ ಮಧ್ಯದ ನಂತರ ಲೋಟದ ಸಮೇತ ನೆಡುತ್ತೇವೆ. ಬಳ್ಳಿ ಜಾತಿಗೆ ಬೇರು ಅಲುಗಿದರೆ ಆಗುವುದಿಲ್ಲ. ಕರಿಬೇವನ್ನು ಕುಂಡದಲ್ಲೇ ಇಟ್ಟು, ರಾತ್ರಿ 10 ಡಿಗ್ರಿಗೆ ಇಳಿಯುವ ಹೊತ್ತಿಗೆ ಒಳಗೆ ತರುತ್ತೇವೆ.

ಅವರೆಯದ್ದೇ ಬಗೆಹರಿಯದ ಸಮಸ್ಯೆ. ಕೋಲಾರದ ಕಡೆಯ ಬೀಜ. ಬಳ್ಳಿ ಬೇಲಿ ತುಂಬ ಹಬ್ಬುತ್ತದೆ, ಜೂನ್, ಜುಲೈ, ಆಗಸ್ಟ್ ಪೂರ್ತಿ ಬರೀ ಎಲೆ. ಸೆಪ್ಟೆಂಬರ್ ಕೊನೆಗೆ ಹೂ ಬರುತ್ತದೆ, ಕಾಯಿ ಬಲಿಯುವ ಮೊದಲೇ ಹಿಮ. ಹಿತಕಿದಬೇಳೆ ಸಾರು ಮಾಡುವಷ್ಟಾದರೂ ಬೇಕು. ಗೊಬ್ಬರ ಬದಲಿಸಬೇಕಾ?

ಮೈಸೂರು_ಮೇಷ್ಟ್ರು

ಗೊಬ್ಬರದ್ದಲ್ಲ, ಹಗಲಿನ ಉದ್ದದ್ದು. ಹಳೇ ಅವರೆ ತಳಿಗಳು ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಜೂನ್‌ನ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನಿಮ್ಮಲ್ಲಿ 15 ಗಂಟೆ. ಹಗಲು ಇಳಿದು 12 ಗಂಟೆಗೆ ಬರುವುದು ಸೆಪ್ಟೆಂಬರ್ ಕೊನೆಗೆ. ಬಳ್ಳಿ ಅದನ್ನೇ ಕಾಯುತ್ತಾ ಇರುತ್ತದೆ.

ಎರಡು ದಾರಿ ಇದೆ. ಒಂದು, ಹಗಲಿನ ಉದ್ದಕ್ಕೆ ತಲೆಕೆಡಿಸಿಕೊಳ್ಳದ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4, ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ಇಂಥವು. ಗಿಡ್ಡ ಪೊದೆ, ಚಪ್ಪರ ಬೇಡ. ಬಿತ್ತಿ ಎರಡು, ಎರಡೂವರೆ ತಿಂಗಳಲ್ಲಿ ಹಸಿಕಾಯಿ. ಮೇ ಕೊನೆಗೆ ಬಿತ್ತಿದರೆ ನಿಮ್ಮ ಬೇಸಿಗೆಯೊಳಗೇ ಮುಗಿಯುತ್ತದೆ. ಬೀಜ ಸುಮ್ನೆ ಸೂಟ್‌ಕೇಸಿನಲ್ಲಿ ತರಬೇಡಿ. ಅಮೆರಿಕದ ಕೃಷಿ ಇಲಾಖೆಯ ಅನುಮತಿ, ಸಸ್ಯ ಆರೋಗ್ಯ ಪ್ರಮಾಣಪತ್ರದ ನಿಯಮ ನೋಡಿಕೊಂಡೇ ತನ್ನಿ. ಇನ್ನೊಂದು ದಾರಿ, ಹಳೇ ತಳಿಯನ್ನೇ ದೊಡ್ಡ ಕುಂಡದಲ್ಲಿ ಬೆಳೆದು, ಜುಲೈ ಕೊನೆಯಿಂದ ದಿನಾ ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ ಕತ್ತಲ ಕೋಣೆಗೆ ಸರಿಸುವುದು. ಮೂರ್ನಾಲ್ಕು ವಾರ ಬಿಡದೆ ಮಾಡಬೇಕು. ಮಧ್ಯೆ ಗ್ಯಾರೇಜಿನ ದೀಪ ಹಾಕಿದರೆ ಕೆಲಸ ಕೆಟ್ಟಿತು.

ಕೋಲಾರ_ಹೊಲದಬದಿ

ಮೇಷ್ಟ್ರೇ, ಎಚ್‌ಎ-4 ನಮ್ಮಲ್ಲೂ ಬೆಳೆಯುತ್ತಾರೆ, ವರ್ಷದ ಯಾವ ಕಾಲಕ್ಕಾದರೂ ಬರುತ್ತದೆ. ರೈತನಿಗೆ ಅದರಿಂದ ಅನುಕೂಲವೇ. ಆದರೆ ಸೊಗಡು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಸೊಗಡು ಇರುವುದು ಕಾಯಿಯ ಸಿಪ್ಪೆ ಮೇಲಿನ ಎಣ್ಣೆಯಂಥ ಅಂಟಿನಲ್ಲಿ. ಧನುರ್ಮಾಸದ ಇಬ್ಬನಿಯಲ್ಲಿ ಬಿಡಿಸಿದ ಕಾಯಿ ಸುಲಿದರೆ ಬೆರಳಿಗೆ ಅಂಟಿದ ವಾಸನೆ ಸೋಪು ಹಾಕಿ ತೊಳೆದರೂ ಸಂಜೆವರೆಗೆ ಹೋಗುವುದಿಲ್ಲ. ಬೇಸಿಗೆಯ ಕಾಯಿಯಲ್ಲಿ ಅದು ಕಾಣೆ. ಹಸಿಕಾಳು ಬೇಕಾದವರು ಯಾವಾಗ ಬೇಕಾದರೂ ಬೆಳೆಯಿರಿ. ಸೊಗಡು ಬೇಕಾದವರು ಆಗಸ್ಟ್‌ನಲ್ಲಿ ಬಿತ್ತಿ ಕಾಯಬೇಕು.

ಎಡಿಸನ್_ಅವರೆಗಿಡ

ಊರಿಂದ ಇಷ್ಟು ದೂರ ಇರುವವರಿಗೆ ಕಾಳು ಸಿಕ್ಕರೂ ದೊಡ್ಡದೇ ಅಣ್ಣಾ. ಈ ಸಲ ಎರಡೂ ಮಾಡುತ್ತೇನೆ, ಬೇಲಿಗೆ ಗಿಡ್ಡ ತಳಿ, ಒಂದು ಕುಂಡದಲ್ಲಿ ಕೋಲಾರದ್ದು. ಮೇಷ್ಟ್ರಿಗೆ ತುಂಬಾ ಧನ್ಯವಾದ.

ತಾರಸಿತೋಟ_ಜೆಪಿನಗರ

ಎಲ್ಲರ ಮಾತು ಓದಿ ನಮ್ಮ ತಾರಸಿಗೆ ಹೀಗೆ ಅಂದುಕೊಂಡಿದ್ದೇನೆ. ಜನವರಿ ಮೊದಲ ವಾರ ಇನ್ನೊಂದು ಸುತ್ತು ಟೊಮೆಟೊ ಬೀಜ, ನೈಲಾನ್ ಬಲೆಯೊಳಗೆ. ಫೆಬ್ರವರಿಯಲ್ಲಿ ಚೀಲಕ್ಕೆಲ್ಲಾ ಗೋಣಿ, ತರಗೆಲೆ, ಪಶ್ಚಿಮಕ್ಕೆ 35ರ ನೆಟ್. ಮಾರ್ಚ್‌ನಿಂದ ದಂಟು, ಪುಂಡಿ, ಬಸಳೆ, ಗೋರಿಕಾಯಿ. ಖಾಲಿ ಚೀಲದ ಮಣ್ಣು ಒಂದು ಕಡೆ ಹರಡಿ ಪ್ಲಾಸ್ಟಿಕ್ ಹೊದಿಕೆ. ಮೇ ಕೊನೆಗೆ ಹೀರೆ, ಹಾಲುಬೆಂಡೆ. ಟೊಮೆಟೊ ಚಿಗುರು ನೀರಲ್ಲಿಟ್ಟು ಜೂನ್‌ಗೆ ಸಜ್ಜದ ಕೆಳಗೆ. ಸರಿ ಇದೆಯಾ? ಮತ್ತೆ ಹಾಲುಬೆಂಡೆ ಬೀಜ ಬೆಂಗಳೂರಿನಲ್ಲಿ ಹುಡುಕಿದೆ, ಸಿಗಲಿಲ್ಲ.

ಕನಕಪುರರಸ್ತೆ_ಸೊಪ್ಪು

ಸರಿ ಇದೆ ಅಕ್ಕಾ. ಜನವರಿ ಬದಲು ಡಿಸೆಂಬರ್ ಕೊನೆಗೇ ಟೊಮೆಟೊ ಬೀಜ ಹಾಕಿ. 25 ದಿನಕ್ಕೆ ನಾಟಿ ಮಾಡಿದರೆ ಮಾರ್ಚ್ ಸೆಕೆ ಏರುವ ಮೊದಲೇ ಮೊದಲ ಮೂರ್ನಾಲ್ಕು ಗೊಂಚಲು ಕಚ್ಚಿರುತ್ತದೆ. ಕಚ್ಚಿದ ಕಾಯಿ ಸೆಕೆಯಲ್ಲೂ ಬಲಿಯುತ್ತದೆ, ಕಷ್ಟ ಇರುವುದು ಹೂವಿಗೆ. ಒಂದೆರಡು ಚೆರ್ರಿ ಟೊಮೆಟೊ ಗಿಡವೂ ಇರಲಿ. ದೊಡ್ಡ ಹಣ್ಣಿನದಕ್ಕಿಂತ ಅದು ಸೆಕೆಯಲ್ಲಿ ಚೆನ್ನಾಗಿ ಕಚ್ಚುತ್ತದೆ.

ಪುತ್ತೂರು_ನಟ್ಟಿಕಾಯಿ

ಹಾಲುಬೆಂಡೆ ಬೀಜಕ್ಕೆ ಯೋಚನೆ ಬೇಡ. ನಾವು ಚೌತಿ ಕಳೆದ ಮೇಲೆ ಪ್ರತಿ ಗಿಡದಲ್ಲಿ ಎರಡು ಕಾಯಿ ಕೊಯ್ಯದೆ ಬಿಡುತ್ತೇವೆ. ಗಿಡದಲ್ಲೇ ಒಣಗಿ ಸಿಪ್ಪೆ ಬಿರಿಯುವ ಹೊತ್ತಿಗೆ ತೆಗೆದು, ಬೂದಿ ಬೆರೆಸಿ ಡಬ್ಬಿಯಲ್ಲಿ ಇಡುತ್ತೇವೆ. ಬೇಕಾದವರು ನವೆಂಬರ್‌ನಲ್ಲಿ ಇಲ್ಲೇ ಬರೆಯಿರಿ, ಒಬ್ಬೊಬ್ಬರಿಗೆ ಹತ್ತು ಬೀಜದ ಹಾಗೆ ಅಂಚೆಯಲ್ಲಿ ಕಳಿಸುತ್ತೇನೆ. ಪೇಟೆಯ ಬೆಂಡೆಯ ಪಕ್ಕದಲ್ಲಿ ಮಾತ್ರ ಹಾಕಬೇಡಿ, ಜೇನು ಎರಡನ್ನೂ ಬೆರೆಸಿಬಿಡುತ್ತದೆ. ಬೀಜಕ್ಕೆ ಬಿಡುವ ಹೂವನ್ನು ಹಿಂದಿನ ಸಂಜೆಯೇ ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟರೂ ಆಗುತ್ತದೆ, ಬೆಂಡೆ ಹೂ ತನ್ನಷ್ಟಕ್ಕೇ ಕಾಯಿ ಕಚ್ಚುತ್ತದೆ.